ನನ್ನದಲ್ಲದ ರನ್ನುಗಳು

ತಾಂಡೂರಿನಲ್ಲಿ ಸೋತ ದಿನ ನಮ್ಮ ಕೋಚ್ ತಂಡದವರನ್ನೆಲ್ಲ ಬೇವಿನ ಮರದ ನೆರಳಿಗೆ ಕೂಡಿಸಿ, ನನ್ನೊಬ್ಬಳನ್ನು ಮಾತ್ರ ಬಿಸಿಲಲ್ಲಿ ನಿಲ್ಲಿಸಿದರು. ಕೈಯಲ್ಲಿದ್ದ ಸ್ಕೋರಿನ ಹಾಳೆಯನ್ನು ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದು, "ಒಂಬತ್ತು ರನ್ ಕೊಟ್ಟಾಳ ಈಕಿ. ಇದರ ಮ್ಯಾಲ ಮಾತೇನದ?" ಎಂದರು. ಒಂಬತ್ತು ರನ್ನು ಹೋಗಿದ್ದು ಖರೆ. ಆದರೆ ಅವನ್ನು ಕೊಟ್ಟವಳು ನಾನಲ್ಲ.

ನಮ್ಮದು ಬೇಸ್‌ಬಾಲ್ ತಂಡ. ಜಹೀರಾಬಾದ್, ನಾರಾಯಣಖೇಡ್, ತಾಂಡೂರು, ಈ ಮೂರು ಕಡೆಯ ಕಾಲೇಜು ಹುಡುಗಿಯರನ್ನು ಸೇರಿಸಿ ಕಟ್ಟಿದ್ದ ಖಾಸಗಿ ತಂಡ. ನಾನು ಅದರ ಪಿಚರ್, ಅಂದರೆ ಚೆಂಡು ಎಸೆಯುವವಳು. ಕ್ರಿಕೆಟ್ಟಿನ ಹಾಗೆ ಇಲ್ಲಿ ಓವರಿಗೊಬ್ಬರು ಬದಲಾಗುವುದಿಲ್ಲ. ಪಂದ್ಯ ಶುರು ಮಾಡಿದ ಪಿಚರ್ ಕೈ ಸೋಲುವ ತನಕ ಎಸೆಯುತ್ತಲೇ ಇರಬೇಕು. ಹೊಡೆದ ಚೆಂಡನ್ನು ಗಾಳಿಯಲ್ಲೇ ಹಿಡಿದರೆ ಔಟ್. ನೆಲದಲ್ಲಿ ಉರುಳಿ ಬಂದರೆ ಅದನ್ನೆತ್ತಿ, ಹೊಡೆದವಳು ಓಡಿ ಮುಟ್ಟುವ ಮೊದಲೇ ಬೇಸಿಗೆ ಎಸೆದರೆ ಔಟ್. ನಾಲ್ಕು ಮೂಲೆಯ ನಾಲ್ಕೂ ಬೇಸು ಸುತ್ತಿ ಬಂದರೆ ಮಾತ್ರ ಒಂದು ರನ್, ಒಂಬತ್ತು ಅಂದರೆ ಬಹಳ. ಇದರಲ್ಲಿ ಪಿಚರಿನ ಕೆಲಸ ಚೆಂಡು ಬ್ಯಾಟಿಗೆ ತಾಗುವ ತನಕ. ಆಮೇಲಿನದು ಹಿಂದೆ ನಿಂತವರದು, ಮೈದಾನದ್ದು. ಆದರೆ ರನ್ನು ಬರೆಯುವಾಗ ಎಲ್ಲವನ್ನೂ ಪಿಚರ್ ಲೆಕ್ಕಕ್ಕೇ ಬರೆಯುತ್ತಾರೆ.

ತಾಂಡೂರು ಕಲ್ಲಿನ ಊರು. ಸುತ್ತಲೂ ಹಾಸುಗಲ್ಲಿನ ಗಣಿ, ಕಲ್ಲು ಕೊಯ್ದು ನುಣುಪು ಮಾಡುವ ಕಾರ್ಖಾನೆ. ಆ ಮೈದಾನದ ತಗ್ಗುಗಳನ್ನು ಮಣ್ಣಿನ ಜೊತೆ ಕಲ್ಲಿನ ಚೂರು ಹಾಕಿ ಮುಚ್ಚಿದ್ದರು. ನಾನು ಎಸೆದ ಚೆಂಡು ಕೆಳಗೇ ಇರುತ್ತಿತ್ತು, ಹೊಡೆದವರು ಅದನ್ನು ನೆಲಕ್ಕೇ ಹೊಡೆಯುತ್ತಿದ್ದರು. ಅದು ಮೆಲ್ಲಗೆ ಉರುಳಿ ಹೋಗಿ, ಹಿಡಿಯಲು ಬಗ್ಗಿದವಳ ಮುಂದೆ ಚೂರಿಗೆ ತಾಗಿ ಹೆಗಲ ಮೇಲಿಂದ ಹಾರುತ್ತಿತ್ತು. ಒಬ್ಬಳ ತುಟಿ ಒಡೆಯಿತು. ಆಮೇಲೆ ಉಳಿದವರು ಬಗ್ಗುವುದನ್ನೇ ಬಿಟ್ಟರು. ಅವರನ್ನು ನಾನು ಬೈಯಲಾರೆ, ನಾನಾದರೂ ಬಗ್ಗುತ್ತಿರಲಿಲ್ಲ. ಹಾಗೆ ಬಂದವು ಆ ಒಂಬತ್ತು ರನ್ನು.

ವಾಪಸ್ ಬರುವಾಗ ಬಸ್ಸಿನಲ್ಲಿ ನನ್ನ ಪಕ್ಕ ಕೂತವಳು ನಮ್ಮ ಕ್ಯಾಚರ್. ಬ್ಯಾಟಿನವಳ ಬೆನ್ನ ಹಿಂದೆ ಕುಕ್ಕರಗಾಲಲ್ಲಿ ಕೂತು ನನ್ನ ಚೆಂಡು ಹಿಡಿಯುವವಳು. ಮೊಗುಡಂಪಲ್ಲಿಯವಳು. ಲಿಂಗ ಕಟ್ಟಿದ ಮನೆತನ, ಅಪ್ಪನಿಗೆ ಜಹೀರಾಬಾದಿನಲ್ಲಿ ಬಟ್ಟೆ ಅಂಗಡಿ. ನಮ್ಮದು ಮನೂರಿನ ಕಡೆ, ಕುರಿ ಸಾಕುವ ಮನೆ. ಮೈದಾನ ಇಲ್ಲದಿದ್ದರೆ ನಾವಿಬ್ಬರೂ ಒಬ್ಬರ ಮನೆಯ ಊಟ ಇನ್ನೊಬ್ಬರು ಉಣ್ಣುವ ದಿನ ಬರುತ್ತಿರಲಿಲ್ಲ. ಊರು ದಾಟಿದ ಮೇಲೆ ಅವಳು ಹೇಳಿದಳು:

"ಇವತ್ತ ನಿನ್ನ ಚೆಂಡಿಗಿ ಯಾರೂ ಸರಿ ಹೊಡ್ದಿಲ್ಲ. ನಾ ಹಿಂದ ಕುಂತು ಕೇಳೀನಿ. ಬ್ಯಾಟಿನ ಸಪ್ಪಳೇ ಇರ್ಲಿಲ್ಲ."

ಅಲ್ಯೂಮಿನಿಯಂ ಬ್ಯಾಟಿಗೆ ಚೆಂಡು ಸರಿಯಾಗಿ ಕೂತರೆ ಠಣ್ ಎನ್ನುತ್ತದೆ, ತುದಿಗೋ ಬುಡಕ್ಕೋ ತಾಗಿದರೆ ಥಪ್ ಎಂದು ಸಾಯುತ್ತದೆ. ಅದು ನನಗೂ ಗೊತ್ತಿತ್ತು. ಆದರೆ ಅದನ್ನೇ ಲೆಕ್ಕ ಹಿಡಿಯಬಹುದು ಎಂದು ಗೊತ್ತಿರಲಿಲ್ಲ. ಅವಳು ಫೋನಿನಲ್ಲಿ ಅಮೆರಿಕದ ಪಂದ್ಯ ನೋಡುತ್ತಿದ್ದಳು. ಅಲ್ಲಿ ಪಿಚರ್ ಎಷ್ಟು ರನ್ ಕೊಟ್ಟ ಎಂಬುದಷ್ಟೇ ನೋಡುವುದಿಲ್ಲವಂತೆ. ಅವನ ಚೆಂಡು ಬ್ಯಾಟಿನಿಂದ ಎಷ್ಟು ಜೋರಾಗಿ ಹೊರಟಿತು, ನೆಲಕ್ಕೆ ಹೋಯಿತೋ, ಮೇಲಕ್ಕೆ ಹೋಯಿತೋ, ಗೆರೆ ಎಳೆದ ಹಾಗೆ ಸೀದಾ ಹೋಯಿತೋ, ಇದನ್ನೆಲ್ಲ ಅಳೆಯುತ್ತಾರಂತೆ. ಇಂಗ್ಲಿಷು ಅರ್ಧಮರ್ಧ ತಿಳಿದರೂ ಒಂದು ವಿಷಯ ಅವಳಿಗೆ ಪಕ್ಕಾ ತಿಳಿದಿತ್ತು: ಸೀದಾ ಮತ್ತು ಜೋರಾಗಿ ಹೋಗುವ ಚೆಂಡೇ ಪಿಚರಿಗೆ ಕೇಡು. ಮೆತ್ತಗೆ ಉರುಳುವ ಚೆಂಡು ಹತ್ತರಲ್ಲಿ ಏಳೆಂಟು ಸಲ ಔಟಾಗಬೇಕು. ಆಗದಿದ್ದರೆ ಅದಕ್ಕೆ ಕಾರಣ ಬೇರೆ ಕಡೆ ಇದೆ.

ಮುಂದಿನ ಪಂದ್ಯದಿಂದ ಅವಳು ತನ್ನ ಫೋನನ್ನು ಹಿಂದಿನ ತಂತಿಬಲೆಗೆ ಕಟ್ಟಿ ವಿಡಿಯೋ ಹಿಡಿಯತೊಡಗಿದಳು. ಅಭ್ಯಾಸ ಮುಗಿದ ಮೇಲೆ ಜಹೀರಾಬಾದಿನ ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತು ಇಬ್ಬರೂ ನೋಡುತ್ತಿದ್ದೆವು. ನೆಲ, ಗಾಳಿ, ಸೀದಾ. ಮೆತ್ತಗೆ, ಜೋರು. ಇಷ್ಟೇ ನಮ್ಮ ಪದಗಳು. ಒಂದು ಚೆಂಡಿಗೆ ಇಬ್ಬರೂ ಬೇರೆ ಬೇರೆ ಹೇಳಿದರೆ ಫೋನಿನ ಧ್ವನಿ ಏರಿಸಿ ಬ್ಯಾಟಿನ ಸಪ್ಪಳ ಮತ್ತೆ ಕೇಳುತ್ತಿದ್ದೆವು. ನಾನು ನನ್ನ ಪರ ವಾದಿಸುತ್ತಿದ್ದೆ, ಅವಳು ಬಗ್ಗುತ್ತಿರಲಿಲ್ಲ. ಕೆಲವು ಪಂದ್ಯಗಳಾದ ಮೇಲೆ ಚಿತ್ರ ಸ್ಪಷ್ಟವಾಯಿತು. ನನ್ನ ಚೆಂಡುಗಳಲ್ಲಿ ಅರ್ಧಕ್ಕಿಂತ ಹೆಚ್ಚು ನೆಲಕ್ಕೆ ಹೋಗುತ್ತಿದ್ದವು, ಅವುಗಳಲ್ಲಿ ಜೋರಾದವು ತೀರ ಕಡಿಮೆ. ತಂಡದ ಇನ್ನೊಬ್ಬ ಪಿಚರ್ ತಾಂಡೂರಿನ ಹುಡುಗಿ. ಅವಳ ಚೆಂಡು ಮೇಲೆ ನಿಲ್ಲುತ್ತಿತ್ತು, ಎದುರಾಳಿಗಳು ಅದನ್ನು ಜೋರಾಗಿ ಮೇಲಕ್ಕೆ ಹೊಡೆಯುತ್ತಿದ್ದರು. ಅವು ದೂರ ನಿಂತವರ ಕೈಗೆ ಬೀಳುತ್ತಿದ್ದವು. ಸಣ್ಣ ಮೈದಾನ, ಕಾಂಪೌಂಡಿಗೆ ಒರಗಿದಂತೆ ನಿಂತ ಹುಡುಗಿಯರು. ಅವಳ ಲೆಕ್ಕಕ್ಕೆ ಔಟುಗಳು, ನನ್ನ ಲೆಕ್ಕಕ್ಕೆ ರನ್ನುಗಳು.

ಇದನ್ನು ಕೋಚ್ ಸರ್‌ಗೆ ತೋರಿಸಿದೆವು. ಅವರು ಬಶೀರಾಬಾದಿನ ಕಡೆಯವರು, ನಮ್ಮ ಹಾಗೇ ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ತೆಲುಗು, ಸಿಟ್ಟು ಬಂದರೆ ಉರ್ದು. ನಿಂತುಕೊಂಡೇ ಎರಡು ವಿಡಿಯೋ ನೋಡಿ ಫೋನು ವಾಪಸ್ ಕೊಟ್ಟರು. ಸ್ಕೋರ್ ಹಾಳೆ ಏನು ಹೇಳುತ್ತದೋ ಅದೇ ಆಟ ಎಂದರು. ಮೈದಾನ ಎರಡೂ ತಂಡಕ್ಕೆ ಒಂದೇ ಎಂದರು. ಆ ಮಾತಿಗೆ ಕ್ಯಾಚರ್ ಉತ್ತರ ಕೊಟ್ಟಳು, ಎದುರು ತಂಡದ ಪಿಚರಿನ ಚೆಂಡು ನೆಲಕ್ಕೆ ಹೋಗುವುದಿಲ್ಲವಲ್ಲ ಸರ್, ಕಲ್ಲಿಗೆ ತಾಗುವುದು ಎಲ್ಲಿಂದ ಎಂದು. ಸರ್ ಅವಳ ಕಡೆ ನೋಡಲೇ ಇಲ್ಲ. ನನ್ನ ಕಡೆ ತಿರುಗಿ, ಸಮಾಧಾನ ಹೇಳುವವರ ಹಾಗೆ ನಕ್ಕರು.

"ನಿನ್ನ ನಸೀಬ ಸರಿ ಇಲ್ಲವ್ವಾ. ನಸೀಬ ಇಲ್ದವ್ರಿಗಿ ನಾ ಚೆಂಡ್ ಹ್ಯಾಂಗ ಕೊಡ್ಲಿ?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ನಗು ತಡೆಯಲಾಗಲಿಲ್ಲ. ಮಾರನೇ ದಿನದಿಂದ ಪಂದ್ಯ ಶುರು ಮಾಡುವ ಕೆಲಸ ತಾಂಡೂರಿನ ಹುಡುಗಿಗೆ ಹೋಯಿತು. ನಾನು ಹೊರಗಿನ ಬೆಂಚಿನಲ್ಲಿ ಕೂತು ನೀರಿನ ಬಾಟಲಿ ಹಂಚಿದೆ.

ಮನೆಯಲ್ಲಿ ಹೇಳಿದರೆ ಅಪ್ಪ ಕೋಚ್ ಪರವೇ ಮಾತಾಡಿದ. ದೊಡ್ಡವರ ಮುಂದೆ ಬಾಯಿ ಮಾಡಬೇಡ, ಅವರು ಹೇಳಿದ್ದು ಖರೆ ಇರಬಹುದು ಎಂದ. ನಸೀಬು ಎಂಬ ಮಾತು ನಮ್ಮ ಮನೆಯಲ್ಲಿ ಉಪ್ಪಿನ ಹಾಗೆ, ಎಲ್ಲದಕ್ಕೂ ಬೀಳುತ್ತಿತ್ತು. ಮಳೆಗೂ ನಸೀಬು, ಮರಿ ಸತ್ತರೂ ನಸೀಬು, ಅಕ್ಕನ ಮದುವೆ ಮುರಿದದ್ದೂ ನಸೀಬು. ಅಕ್ಕನ ಮದುವೆ ಮುರಿದದ್ದು ಗಂಡಿನ ಮನೆಯವರು ಸುಳ್ಳು ಹೇಳಿದ್ದರಿಂದ. ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಆ ರಾತ್ರಿ ಊಟಕ್ಕೆ ಕೂರಲು ನನಗೆ ಮನಸ್ಸಾಗಲಿಲ್ಲ.

ಅದೇ ಸುಮಾರಿಗೆ ಪತ್ರಿಕೆಯವನೊಬ್ಬ ಮೈದಾನಕ್ಕೆ ಬಂದ. ತಂಡದ ಬಗ್ಗೆ ಬರೆಯುತ್ತೇನೆಂದು ಎಲ್ಲರನ್ನೂ ಮಾತಾಡಿಸಿದ. ನಮ್ಮ ಮನೆಯಲ್ಲಿ ಕುರಿ ಇದೆ ಎಂದು ತಿಳಿದದ್ದೇ ತಡ, ಅವನ ಕಣ್ಣು ಅರಳಿತು. ಕುರಿಗೆ ಕಲ್ಲೆಸೆದು ಎಸೆದು ಕೈ ಪಳಗಿತಾ ಎಂದು ಕೇಳಿದ. ನಾನು ಕುರಿ ಕಾಯಲು ಹೋದವಳೇ ಅಲ್ಲ, ಸಣ್ಣವಳಿಂದ ಹಾಸ್ಟೆಲಿನಲ್ಲಿದ್ದೆ. ಚೆಂಡು ಎಸೆಯುವುದನ್ನು ಕಲಿತದ್ದು ಹಾಸ್ಟೆಲಿನ ಹಿತ್ತಲ ಗೋಡೆಗೆ ಸೀಮೆಸುಣ್ಣದಲ್ಲಿ ಚೌಕ ಬರೆದು, ವರ್ಷಗಟ್ಟಲೆ, ಒಬ್ಬಳೇ. ಅದನ್ನೇ ಹೇಳಿದೆ. ಅಚ್ಚಾದದ್ದು ಕುರಿಯ ಕತೆಯೇ. ಕೋಚ್ ಆ ಹಾಳೆಯನ್ನು ಕತ್ತರಿಸಿ ತಮ್ಮ ಕೋಣೆಯ ಬಾಗಿಲಿಗೆ ಅಂಟಿಸಿದರು. ದಿನಾ ಅದರ ಮುಂದೆಯೇ ಹಾದು ಹೋಗುತ್ತಿದ್ದೆ.

ಮರುವರ್ಷ ಹೈದರಾಬಾದಿನ ಹೊರಗೆ ಒಂದು ಟೂರ್ನಿ. ಮೈದಾನ ದೊಡ್ಡದು. ತಾಂಡೂರಿನಲ್ಲಿ ಕಾಂಪೌಂಡಿನ ಹತ್ತಿರ ಕೈಗೆ ಬೀಳುತ್ತಿದ್ದ ಚೆಂಡುಗಳು ಅಲ್ಲಿ ಯಾರೂ ಇಲ್ಲದ ಕಡೆ ಬಿದ್ದವು. ತಾಂಡೂರಿನ ಹುಡುಗಿಯ ಚೆಂಡನ್ನು ಒಬ್ಬರಾದ ಮೇಲೆ ಒಬ್ಬರು ಹೊಡೆದರು. ಅವಳು ಮೊದಲಿನ ಹಾಗೇ ಎಸೆಯುತ್ತಿದ್ದಳು, ಹಿಡಿಯುವ ಕೈಗಳು ಮಾತ್ರ ದೂರವಾಗಿದ್ದವು. ಕೋಚ್ ಆಟದ ನಡುವೆಯೇ ಒಳಗೆ ಹೋಗಿ ಅವಳ ಕೈಯಿಂದ ಚೆಂಡು ಕಿತ್ತುಕೊಂಡರು. ಅವಳು ಬೆಂಚಿಗೆ ಬಂದು ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡಳು. ಅಲ್ಲಿಯ ತನಕ ನನಗೆ ಅವಳ ಮೇಲೂ ಸಿಟ್ಟಿತ್ತು. ಅವತ್ತು ಅದು ಪೂರಾ ಕೋಚ್ ಮೇಲೆ ಹೋಯಿತು. ಅವಳ ಚೆಂಡು ಮೇಲೆ ನಿಲ್ಲುತ್ತದೆ ಎಂದು ಒಂದು ವರ್ಷದಲ್ಲಿ ಅವಳಿಗೆ ಯಾರೂ ಹೇಳಿರಲಿಲ್ಲ. ಔಟು ಬರುತ್ತಿದ್ದವಲ್ಲ, ಹೇಳುವ ಗರಜೇ ಅವರಿಗೆ ಬೀಳಲಿಲ್ಲ.

ಸಂಜೆ ಅವಳನ್ನು ನಮ್ಮ ಜೊತೆ ಕೂಡಿಸಿಕೊಂಡು ವಿಡಿಯೋ ತೋರಿಸಿದೆವು. ಮೊದಲು ಅನುಮಾನದಿಂದ ನೋಡಿದಳು. ಆಮೇಲೆ ಫೋನನ್ನು ತಾನೇ ಹಿಡಿದುಕೊಂಡು ಒಂದೇ ಚೆಂಡನ್ನು ಮತ್ತೆ ಮತ್ತೆ ನೋಡಿದಳು. ಚೆಂಡು ಬಿಡುವಾಗ ತನ್ನ ಮೊಣಕೈ ಇಳಿಯುತ್ತದೆ, ಅದಕ್ಕೇ ಚೆಂಡು ಮೇಲೆ ನಿಲ್ಲುತ್ತದೆ ಎಂಬುದನ್ನು ನಮಗಿಂತ ಮೊದಲು ಅವಳೇ ಕಂಡುಹಿಡಿದಳು.

ಅಲ್ಲಿಂದ ನಾನು ಮತ್ತೆ ಪಂದ್ಯ ಶುರು ಮಾಡುವವಳಾದೆ. ಕೋಚ್ ಕಾರಣ ಹೇಳಲಿಲ್ಲ, ನಾನೂ ಕೇಳಲಿಲ್ಲ. ಗೆಲ್ಲತೊಡಗಿದೆವು. ಮೊದಮೊದಲು ಅದು ನನ್ನದೇ ಗೆಲುವು, ನೆಲ ಸಮ ಇದ್ದ ಮೈದಾನಗಳಲ್ಲಿ ಉರುಳಿದ ಚೆಂಡುಗಳೆಲ್ಲ ಔಟಾದವು. ಆದರೆ ಚಳಿಗಾಲಕ್ಕೆ ನನ್ನ ಭುಜದಲ್ಲಿ ನೋವು ಶುರುವಾಯಿತು. ಕೈ ಹಿಂದಕ್ಕೆ ಎಳೆದಾಗ ಒಳಗೆ ಏನೋ ಸಿಕ್ಕಿಕೊಂಡ ಹಾಗೆ. ವೇಗ ಇಳಿಯಿತು, ಚೆಂಡು ಏರಿತು. ಹೊಡೆಯುವವರ ಬ್ಯಾಟು ಠಣ್ ಎನ್ನತೊಡಗಿತು. ಆದರೂ ಗೆದ್ದೆವು. ಸೀದಾ ಹೋದ ಚೆಂಡು ಯಾರದಾದರೂ ಕೈಗೆ ಸೀದಾ ಹೋಗುತ್ತಿತ್ತು. ಒಂದು ಪಂದ್ಯದಲ್ಲಿ ನಾನು ಬರೀ ಒಂದು ರನ್ ಕೊಟ್ಟೆ, ಅಷ್ಟು ಕೆಟ್ಟದಾಗಿ ನಾನು ಹಿಂದೆ ಯಾವತ್ತೂ ಎಸೆದಿರಲಿಲ್ಲ. ಅವತ್ತೇ ಕೋಚ್ ನನಗೆ ಶಾಲು ಹೊದಿಸಿ ಫೋಟೋ ತೆಗೆಸಿದರು.

ವಿಡಿಯೋ ನೋಡುವಾಗ ಕ್ಯಾಚರ್ ಮೊದಲಿನ ಹಾಗೆ ಮಾತಾಡುತ್ತಿರಲಿಲ್ಲ. ನಾನೇ ಹೇಳುತ್ತಿದ್ದೆ: ಸೀದಾ, ಜೋರು. ಸೀದಾ, ಜೋರು. ಅವಳು ತಲೆಯಾಡಿಸುತ್ತಿದ್ದಳು. ಅದೇ ಹೊತ್ತಿಗೆ ತಾಂಡೂರಿನ ಹುಡುಗಿ ಮೊಣಕೈ ತಿದ್ದಿಕೊಂಡು ಅಭ್ಯಾಸದಲ್ಲಿ ಎಷ್ಟು ಚೆನ್ನಾಗಿ ಎಸೆಯುತ್ತಿದ್ದಳೆಂದರೆ ನಮ್ಮವರೇ ಅವಳ ಚೆಂಡನ್ನು ನೆಲ ಬಿಟ್ಟು ಎತ್ತಲಾರದೆ ಹೋಗುತ್ತಿದ್ದರು.

ಫೈನಲ್ ಜಹೀರಾಬಾದಿನಲ್ಲೇ ಇತ್ತು. ಅದರ ಹಿಂದಿನ ದಿನ ನಾನು ಕೋಚ್ ಹತ್ತಿರ ಹೋಗಿ ಭುಜದ ವಿಷಯ ಹೇಳಿದೆ. ನನ್ನ ಚೆಂಡಿಗೆ ಈಗ ಎಲ್ಲರೂ ಸರಿಯಾಗಿ ಹೊಡೆಯುತ್ತಿದ್ದಾರೆ, ನಾಳೆ ತಾಂಡೂರಿನ ಹುಡುಗಿ ಶುರು ಮಾಡಲಿ ಎಂದೆ. ಅವರಿಗೆ ನಗು ತಡೆಯಲಾಗಲಿಲ್ಲ. ಗೆಲ್ಲುವ ಪಿಚರನ್ನು ಯಾರಾದರೂ ಬದಲಿಸುತ್ತಾರೇನು ಎಂದರು. ನೋವಿಗೆ ಗುಳಿಗೆ ತಗೋ ಎಂದರು. ಹೋಗುವಾಗ ಬೆನ್ನು ತಟ್ಟಿ, "ನಿನ್ನ ನಸೀಬ ಈಗ ಖುಲ್ಯಾದ, ಸುಮ್ನ ಚೆಂಡ ಒಗಿ" ಎಂದರು.

ಚೆನ್ನಾಗಿ ಎಸೆದಾಗಲೂ ನಸೀಬು, ಕೆಟ್ಟದಾಗಿ ಎಸೆದಾಗಲೂ ನಸೀಬು. ಆ ಮನುಷ್ಯ ಎರಡು ವರ್ಷದಲ್ಲಿ ಒಂದು ಸಲವೂ ನನ್ನ ಚೆಂಡನ್ನು ನೋಡಿರಲಿಲ್ಲ. ಮನೆಗೆ ಹೋದರೆ ಅವ್ವ ಭುಜಕ್ಕೆ ಎಣ್ಣೆ ತಿಕ್ಕಿದಳು. ಅಷ್ಟು ಮೆಲ್ಲಗೆ ತಿಕ್ಕಿದರೂ ನಾನು ಹಲ್ಲು ಕಚ್ಚಿದ್ದನ್ನು ಅವಳು ಕಂಡಳು. ನಾಳೆ ಚೆಂಡು ಒಗೆಯಬೇಡ ಎಂದಳು. ಒಗೆಯುವುದಿಲ್ಲ ಎಂದೆ.

ಬೆಳಿಗ್ಗೆ ಮೈದಾನದಲ್ಲಿ ಅಂಪೈರ್ ಕರೆದಾಗ ಚೆಂಡು ನನ್ನ ಕೈಯಲ್ಲೇ ಇತ್ತು. ಪಿಚರ್ ನಿಂತು ಎಸೆಯುವ ದಿಬ್ಬದ ತನಕ ನಡೆದು ಹೋಗಲಿಲ್ಲ. ಬೆಂಚಿನ ಹತ್ತಿರ ನಿಂತಿದ್ದ ತಾಂಡೂರಿನ ಹುಡುಗಿಯ ಕೈಗೆ ಕೊಟ್ಟೆ. ಅವಳಿಗೆ ಮೊದಲೇ ಹೇಳಿರಲಿಲ್ಲ, ಗಾಬರಿಯಾದಳು. ನನ್ನ ಕೈ ಏಳುವುದಿಲ್ಲ, ನೀನು ಹೋಗು ಎಂದೆ. ಕೋಚ್ ಓಡಿ ಬಂದರು. ಜನ ಇದ್ದರು, ಮಾಲೆ ಹಾಕಿಸಿಕೊಂಡ ದೊಡ್ಡ ಮನುಷ್ಯರೂ ಇದ್ದರು, ಜೋರಾಗಿ ಬೈಯುವ ಹಾಗಿರಲಿಲ್ಲ. ಇದರ ಹಿಸಾಬು ಆಮೇಲೆ ಮಾಡುತ್ತೇನೆ ಎಂದು ಹಲ್ಲಿನ ಸಂದಿಯಲ್ಲಿ ಹೇಳಿ ಹೋದರು.

ಅವಳು ಅವತ್ತು ಎಸೆದ ಹಾಗೆ ನಮ್ಮ ತಂಡದಲ್ಲಿ ಯಾರೂ ಎಸೆದಿರಲಿಲ್ಲ. ನಾನು ಬೆಂಚಿನಲ್ಲಿ ಕೂತು ಕಣ್ಣು ಮುಚ್ಚಿ ಕೇಳಿದೆ. ಥಪ್, ಥಪ್, ಥಪ್. ಕೊನೆಯ ಇನಿಂಗ್ಸಿನ ತನಕ ಎರಡೂ ಕಡೆ ರನ್ ಇರಲಿಲ್ಲ. ಆಮೇಲೆ ಒಂದು ಸತ್ತ ಚೆಂಡು, ಕುಂಟುತ್ತಾ ಉರುಳಿದ್ದು, ಮೊದಲ ಬೇಸಿನವಳು ಎತ್ತಿದಳು, ಕೈ ಜಾರಿತು. ಮುಂದಿನದನ್ನು ಎತ್ತಿದವಳು ಗುರಿ ತಪ್ಪಿ ದೂರ ಎಸೆದಳು. ಒಂದು ರನ್ ಬಂತು. ಒಂದರಿಂದ ಸೋತೆವು.

ಪಂದ್ಯ ಮುಗಿದ ಮೇಲೆ ಕೋಚ್ ಎಲ್ಲರನ್ನೂ ಕೂಡಿಸಿದರು. ಈ ಸಲ ನಿಲ್ಲಿಸಿದ್ದು ತಾಂಡೂರಿನ ಹುಡುಗಿಯನ್ನು. ಕಡೆಗೆ ರನ್ ಕೊಟ್ಟು ಕಪ್ ಕಳೆದಳು ಎಂದರು. ಅವಳು ನೆಲ ನೋಡುತ್ತಾ ನಿಂತಿದ್ದಳು, ಕೈಗವಸು ಇನ್ನೂ ಬಿಚ್ಚಿರಲಿಲ್ಲ. ನಾನು ಎದ್ದು ನಿಂತೆ.

"ಆ ರನ್ ಆಕಿದಲ್ರಿ ಸರ್. ಹೋದ ವರ್ಷದ ಒಂಬತ್ತೂ ನನ್ನವಲ್ರಿ. ನೀವು ಹಾಳಿ ನೋಡ್ತೀರಿ, ಚೆಂಡ ನೋಡೂದಿಲ್ಲ."

ಅವರು ಉರ್ದುವಿನಲ್ಲಿ ಹೊರಗೆ ಹೋಗು ಎಂದರು. ಶಿಸ್ತಿಲ್ಲದವರಿಗೆ ತಂಡದಲ್ಲಿ ಜಾಗವಿಲ್ಲ ಎಂದು ಉಳಿದವರಿಗೆ ಹೇಳಿದರು. ಚೆಂಡು ಜಾರಿಸಿದ ಹುಡುಗಿ ಅಳುತ್ತಿದ್ದಳು. ಅವಳ ತಪ್ಪು ಎಂದೂ ನಾನು ಹೇಳಿರಲಿಲ್ಲ, ಚಳಿಗೆ ಬೆರಳು ಮರಗಟ್ಟಿದ್ದವು ಪಾಪ. ನಾನು ಚೀಲ ಎತ್ತಿಕೊಂಡು ಹೊರಟೆ. ತಾಂಡೂರಿನ ಹುಡುಗಿ ನನ್ನ ಹಿಂದೆಯೇ ಬಂದಳು. ಕ್ಯಾಚರ್ ಬರಲಿಲ್ಲ.

ನನಗೆ ಎಲ್ಲಕ್ಕಿಂತ ಹೆಚ್ಚು ನೋವಾದದ್ದು ಇದರಿಂದಲೇ. ಸಪ್ಪಳ ಕೇಳಲು ಕಲಿಸಿದವಳು ಅವಳು, ವಿಡಿಯೋ ಹಿಡಿದವಳು ಅವಳು, ಅವತ್ತು ತಲೆ ತಗ್ಗಿಸಿ ಕೂತವಳೂ ಅವಳೇ. ಆಮೇಲೆ ತಿಳಿಯಿತು, ಅವಳ ಮನೆಯಲ್ಲಿ ಆಟಕ್ಕೆ ಬಿಟ್ಟದ್ದೇ ಕೋಚ್ ಖುದ್ದಾಗಿ ಹೋಗಿ ಅವಳಪ್ಪನಿಗೆ ಮಾತು ಕೊಟ್ಟಿದ್ದರಿಂದ. ತಂಡ ಬಿಟ್ಟರೆ ಮೊಗುಡಂಪಲ್ಲಿಯಿಂದ ಹೊರಗೆ ಕಾಲಿಡುವುದೇ ನಿಲ್ಲುತ್ತಿತ್ತು. ತಿಳಿದ ಮೇಲೂ ನನಗೆ ಸಿಟ್ಟು ಇಳಿಯಲಿಲ್ಲ. ಬಹಳ ದಿನ ಅವಳ ಫೋನು ಎತ್ತಲಿಲ್ಲ. ಒಮ್ಮೆ ಬಸ್ಸಿನಲ್ಲಿ ಎದುರಾದಳು, ಪಕ್ಕದ ಸೀಟು ಖಾಲಿ ಇತ್ತು. ಸುಮ್ಮನೆ ಬಂದು ಕೂತಳು. ನಾರಾಯಣಖೇಡ್ ಬರುವ ತನಕ ಇಬ್ಬರೂ ಒಂದು ಮಾತೂ ಆಡಲಿಲ್ಲ. ಇಳಿಯುವಾಗ ಭುಜ ಹೇಗಿದೆ ಎಂದು ಕೇಳಿದಳು. ನಾನು ಹೇಳಿದೆ. ಅಷ್ಟರಿಂದ ಮತ್ತೆ ಶುರುವಾಯಿತು.

ಭುಜದೊಳಗೆ ಸ್ನಾಯು ಹರಿದಿತ್ತು. ಫೈನಲ್‌ನಲ್ಲಿ ಎಸೆದಿದ್ದರೆ ಪೂರಾ ಹರಿಯುತ್ತಿತ್ತು ಎಂದು ಬೀದರಿನ ವೈದ್ಯರು ಹೇಳಿದರು. ಈಗ ವಾಸಿಯಾಗಿದೆ, ಮೊದಲಿನ ವೇಗ ಮಾತ್ರ ಬರಲಿಲ್ಲ. ತಾಂಡೂರಿನ ಹುಡುಗಿ ಹೈದರಾಬಾದಿಗೆ ಹೋಗಿ ಬೇರೆ ತಂಡ ಸೇರಿದಳು. ಅಲ್ಲಿನ ಕೋಚ್ ಒಬ್ಬ ಹೆಂಗಸು. ಮೊದಲ ದಿನವೇ ಅವಳ ಚೆಂಡನ್ನು ಬ್ಯಾಟಿನ ಹಿಂದೆ ನಿಂತು ನೋಡಿದರಂತೆ, ಹಿಂದೆ ಎಷ್ಟು ರನ್ ಕೊಟ್ಟಿದ್ದೀ ಎಂದು ಕೇಳಲೇ ಇಲ್ಲವಂತೆ. ಅವಳು ಈಗ ರಾಜ್ಯ ತಂಡದಲ್ಲಿ ಪಂದ್ಯ ಶುರು ಮಾಡುತ್ತಾಳೆ.

ನಾನು ಜಹೀರಾಬಾದಿನ ಒಂದು ಶಾಲೆಯಲ್ಲಿ ಆಟದ ಟೀಚರ್. ಹೋದ ತಿಂಗಳು ನಮ್ಮ ಹಳೆಯ ಕೋಚ್ ಫೋನ್ ಮಾಡಿದ್ದರು. ಅವರ ನಿವೃತ್ತಿಯ ಸನ್ಮಾನವಂತೆ, ಹಳೆಯ ಆಟಗಾರ್ತಿಯರೆಲ್ಲ ಬರುತ್ತಾರಂತೆ, ನಾನು ವೇದಿಕೆಯ ಮೇಲೆ ನಾಲ್ಕು ಮಾತಾಡಬೇಕಂತೆ. ರಾಜ್ಯ ತಂಡದ ಹುಡುಗಿಯನ್ನು ತಾವೇ ತಯಾರು ಮಾಡಿದ್ದು ಎಂಬುದನ್ನು ಮರೆಯದೆ ಹೇಳು ಎಂದರು. ಎಷ್ಟು ಸಹಜವಾಗಿ ಹೇಳಿದರೆಂದರೆ, ಅವರು ಅದನ್ನು ನಂಬಿಯೇ ಬಿಟ್ಟಿದ್ದಾರೆ ಎಂದು ಆಗ ತಿಳಿಯಿತು.

"ನಾ ಬರೂದಿಲ್ರಿ ಸರ್," ಎಂದೆ.

ಯಾಕೆ ಎಂದು ಕೇಳಿದರು. ಹಳೆಯದನ್ನೆಲ್ಲ ಇನ್ನೂ ಇಟ್ಟುಕೊಂಡಿದ್ದೀಯಾ ಎಂದರು. ಹೌದು, ಇಟ್ಟುಕೊಂಡಿದ್ದೇನೆ ಎಂದೆ. ವಯಸ್ಸಾದವರಿಗೆ ಹಾಗೆ ಹೇಳಬಾರದಿತ್ತು ಎಂದು ಅವ್ವ ಆಮೇಲೆ ಬೈದಳು. ಸನ್ಮಾನಕ್ಕೆ ಕ್ಯಾಚರ್ ಹೋಗಿದ್ದಳು, ಶಾಲು ಹೊದಿಸಿ ಊಟ ಮಾಡಿ ಬಂದಳು. ತಾಂಡೂರಿನ ಹುಡುಗಿಗೆ ಅವತ್ತು ಪಂದ್ಯವಿತ್ತು. ನಾನು ಮನೆಯಲ್ಲೇ ಇದ್ದು ಫೋನಿನಲ್ಲಿ ಅವಳ ಆಟ ನೋಡಿದೆ, ಧ್ವನಿ ಪೂರ್ತಿ ಏರಿಸಿ.